ಇಗ್ಗುತಪ್ಪ ಓಡಿ ಬಂದ ಕಥೆ

ಮನಶ್ಶಾಸ್ತ್ರ ಪಾಠ ಮಾಡುವುದು ನನ್ನ ಕೆಲಸ. ದೇವರಲ್ಲಿ ನಂಬಿಕೆ ಇದೆಯಾ ಅಂತ ಯಾರಾದರೂ ಕೇಳಿದರೆ ಇಲ್ಲ ಅನ್ನುತ್ತೇನೆ. ಆದರೆ ಕೊಡಗಿನ ನಮ್ಮ ಐನ್‌ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ ಹೋದಾಗ ನೆಲ್ಲಕ್ಕಿ ನಡುಬಾಡೆಯ (ನಡುಮನೆಯ) ತೂಗುದೀಪ ಕಂಡರೆ ಸಾಕು, ಕೈ ಮುಗಿದಾಗಿರುತ್ತದೆ. ಮುಗಿದ ಮೇಲೆಯೇ ನನಗೆ ಗೊತ್ತಾಗುವುದು. ಬಾಯಿ ಹೇಳುವುದು ಒಂದು, ಮನಸ್ಸು ಮಾಡುವುದು ಇನ್ನೊಂದು. ನಂಬುವವರಲ್ಲೂ ಹೀಗೇನಾ?

ಇದಕ್ಕೊಂದು ಹಳೇ ಪ್ರಯೋಗ ಇದೆ. ಜಸ್ಟಿನ್ ಬ್ಯಾರೆಟ್ ಮತ್ತು ಫ್ರ್ಯಾಂಕ್ ಕೀಲ್ 1996ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಅವರು ಒಂದು ಕಥೆ ಕೇಳಿಸಿದರು. ಹೊಳೆಯಲ್ಲಿ ಹುಡುಗನ ಕಾಲು ಬಂಡೆಗಳ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಅವನು ದೇವರನ್ನು ಬೇಡುತ್ತಾನೆ. ದೇವರು ಆಗ ಬೇರೆಲ್ಲೋ ಇನ್ನೊಬ್ಬರ ಮೊರೆಗೆ ಓಗೊಡುತ್ತಿದ್ದರೂ, ಸ್ವಲ್ಪ ಹೊತ್ತಿನಲ್ಲೇ ಬಂಡೆ ಸರಿಸುತ್ತಾನೆ. ಅಲ್ಲಿಯ ಕೆಲಸ ಮುಗಿಸಿ ಇಲ್ಲಿಗೆ ಬಂದ ಅಂತ ಕಥೆಯಲ್ಲಿ ಎಲ್ಲೂ ಇಲ್ಲ. ಆದರೂ ಜಾಸ್ತಿ ಜನ ಹಾಗೇ ನೆನಪಿಟ್ಟುಕೊಂಡಿದ್ದರು. ನೇರವಾಗಿ ಕೇಳಿದರೆ ಮಾತ್ರ, ದೇವರು ಎಲ್ಲ ಕಡೆ ಇದ್ದಾನೆ ಅನ್ನುವವರೇ! ಆಮೇಲೆ ಬ್ಯಾರೆಟ್‌ಗೆ ಉತ್ತರ ಭಾರತದ ಹಿಂದೂಗಳಲ್ಲೂ ಇದೇ ಕಂಡಿತು. ಕಲಿತ ಉತ್ತರ ಬಾಯಲ್ಲಿರುತ್ತದೆ. ಕಥೆ ಓಡುವಾಗ ಮನಸ್ಸು ತನಗೆ ಗೊತ್ತಿರುವ ಮನುಷ್ಯನ ಅಚ್ಚಿಗೇ ದೇವರನ್ನು ಹೊಯ್ಯುತ್ತದೆ.

ಮನೆಯಲ್ಲೇ ಮಾಡಿ ನೋಡಿದೆ. ಮೊದಲ ಸಲ ನಾನೇ ಕೆಡಿಸಿದೆ. ಚಿಕ್ಕಪ್ಪನಿಗೆ ಕಥೆ ಹೇಳಿ 'ದೇವರು ಬಂದನಾ?' ಅಂದುಬಿಟ್ಟೆ. ಉತ್ತರ ನಾನೇ ಬಾಯಿಗೆ ಇಟ್ಟ ಹಾಗಾಯಿತು. ಹಾಗೆ ಕೇಳಬಾರದು, 'ಆಮೇಲೇನಾಯ್ತು' ಅಂತಷ್ಟೇ ಕೇಳಬೇಕು. ನಡುವೆ ಗ್ಯಾಪ್ ಕೂಡ ಬೇಕು.

ಎರಡನೇ ಸಲ ದೊಡ್ಡಮ್ಮ. ಹೊಳೆಯನ್ನು ಕಾವೇರಿ ಮಾಡಿದೆ, ದೇವರನ್ನು ಇಗ್ಗುತಪ್ಪ, ಕಕ್ಕಬ್ಬೆಯ ಪಾಡಿ ದೇವಸ್ಥಾನದಲ್ಲಿರುವ ನಮ್ಮ ಕೊಡವರ ದೇವರು. ದೇವರು ಎಲ್ಲಿದ್ದಾನೆ ಅಂತ ಮೊದಲೇ ಕೇಳಿಕೊಂಡಿದ್ದೆ. 'ಎಲ್ಲ ಕಡೆ' ಅಂದಿದ್ದರು. ಕಥೆ ಹೇಳಿ ಕಾಳುಮೆಣಸು ಕುಯ್ಯಲು ಹೋದೆ. ಸಂಜೆ ಕಾಫಿ ಕುಡಿಯುವಾಗ, ಬೆಳಗಿನ ಕಥೆ ಮಕ್ಕಳಿಗೆ ಹೇಳಿ ಅಂದೆ. (ಮಾತೆಲ್ಲ ನಮ್ಮ ಕೊಡವ ಭಾಷೆಯಲ್ಲಿ, ಕೊಡವ ತಕ್ಕ್‌ನಲ್ಲಿ; ಕನ್ನಡ ನನ್ನದು.)

'ಇಗ್ಗುತಪ್ಪನಿಗೆ ಪಾಪ, ಬೇರೆ ಕೆಲಸ ಇತ್ತು. ಅದು ಮುಗಿಸಿ ಓಡಿ ಬಂದ.'

ಓಡುವುದು ನನ್ನ ಕಥೆಯಲ್ಲಿ ಇರಲೇ ಇಲ್ಲ.

'ಎಲ್ಲಿಂದ?'

'ಇನ್ನೆಲ್ಲಿಂದ, ಪಾಡಿಯಿಂದ.'

ಒಬ್ಬರನ್ನು ಕೇಳಿದರೆ ಅದು ಪ್ರಯೋಗ ಆಗಲ್ಲ, ಗೊತ್ತು. ಆದರೂ ತಡೆಯಲಾಗದೆ ಕೇಳಿದೆ: 'ಬೆಳಿಗ್ಗೆ ಎಲ್ಲ ಕಡೆ ಇದ್ದಾನೆ ಅಂದಿರಿ, ಅಲ್ವಾ?'

ದೊಡ್ಡಮ್ಮ ಲೋಟ ಕೆಳಗಿಟ್ಟರು. 'ಇದ್ದಾನೆ. ಆದರೂ ಬರಬೇಕಲ್ಲ?'