ಸಿಇಟಿ, ನೀಟ್ ಸೀಟು: ಜಾತಿ ಪ್ರವರ್ಗ ಮತ್ತು 371(ಜೆ) ಎರಡನ್ನೂ ಬಳಸಿಕೊಳ್ಳುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ವೃತ್ತಿಪರ ಕೋರ್ಸುಗಳಿಗೆ ಅರ್ಜಿ ಹಾಕುವ ವಿದ್ಯಾರ್ಥಿಗೆ ಎರಡು ಬಗೆಯ ಮೀಸಲಾತಿ ಅನ್ವಯವಾಗಬಹುದು: ಒಂದು ಜಾತಿ ಪ್ರವರ್ಗದ್ದು, ಇನ್ನೊಂದು ಸಂವಿಧಾನದ 371(ಜೆ) ವಿಧಿಯಿಂದ ಬಂದ ಪ್ರದೇಶದ್ದು. ಇವು ಒಂದಕ್ಕೊಂದು ಬದಲಿಯಲ್ಲ. ಪ್ರಮಾಣ ಪತ್ರ, ಅದನ್ನು ಕೊಡುವ ಅಧಿಕಾರಿ, ಬೇಕಾದ ದಾಖಲೆ, ಎಲ್ಲವೂ ಬೇರೆ. ಜಾತಿ ಪ್ರಮಾಣ ಪತ್ರ ಕೈಗೆ ಬಂದೊಡನೆ ಕೆಲಸ ಮುಗಿಯಿತೆಂದು ಸುಮ್ಮನಾಗುವ ಪಾಲಕರೂ, ಸಾಮಾನ್ಯ ವರ್ಗದವರಾದ ತಮಗೆ ಯಾವ ಮೀಸಲಾತಿಯೂ ಇಲ್ಲವೆಂದು ತಿಳಿದು 371(ಜೆ)ಯನ್ನೇ ಕೈಬಿಡುವ ಪಾಲಕರೂ ಇಲ್ಲಿ ಕಡಿಮೆಯಿಲ್ಲ. 371(ಜೆ)ಗೆ ಜಾತಿಯ ಕಟ್ಟಾಗಲಿ ಆದಾಯದ ಮಿತಿಯಾಗಲಿ ಇಲ್ಲವೆಂಬುದನ್ನು ಮೊದಲು ತಿಳಿದುಕೊಳ್ಳಬೇಕು.

2012ರ ತೊಂಬತ್ತೆಂಟನೆಯ ತಿದ್ದುಪಡಿಯಿಂದ ಸೇರಿದ ಈ ವಿಧಿಯನ್ನು ಆಧರಿಸಿ 2013ರಲ್ಲಿ ಹೊರಟ ಆದೇಶದಂತೆ, ನಮ್ಮ ಭಾಗದೊಳಗಿನ, ಅಂದರೆ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸರ್ಕಾರದ ಪಾಲಿನ ಸೀಟುಗಳ ಪೈಕಿ ಶೇ. 70 ಸ್ಥಳೀಯರಿಗೆ ಮೀಸಲು. ರಾಜ್ಯದ ಉಳಿದೆಡೆಯ ಕಾಲೇಜುಗಳಲ್ಲಿ ಶೇ. 8. ಆಡಳಿತ ಮಂಡಳಿಯ ಕೋಟಾ ಇದರೊಳಗೆ ಬರುವುದಿಲ್ಲ. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜು, ಅಲ್ಲಿನ ಜಿಮ್ಸ್ ಹಾಗೂ ಬೀದರಿನ ಬ್ರಿಮ್ಸ್ ವೈದ್ಯಕೀಯ ಕಾಲೇಜುಗಳಲ್ಲಿ ಸೀಟು ಬಯಸುವವರಿಗೆ ಆ ಶೇ. 70 ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ. ಆದರೆ ನನ್ನ ದೃಷ್ಟಿಯಲ್ಲಿ ಹೆಚ್ಚು ಜನ ಗಮನಿಸದೆ ಬಿಡುವುದು ಆ ಶೇ. 8ನ್ನು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಒಳ್ಳೆಯ ಕಾಲೇಜುಗಳಲ್ಲಿ ತಮ್ಮ ರ್‍ಯಾಂಕಿಗೆ ಸೀಟು ಸಿಗಲಾರದೆಂದು ಆ ಕಾಲೇಜುಗಳನ್ನು ತಮಗೆ ಬೇಕಾದ ಕಾಲೇಜು, ಕೋರ್ಸುಗಳ ಆಪ್ಷನ್ ಪಟ್ಟಿಗೆ ಸೇರಿಸದೇ ಬಿಡುವ ವಿದ್ಯಾರ್ಥಿಗಳಿಗೆ ಅಲ್ಲಿಯೂ ತಮ್ಮ ಪಾಲಿದೆ ಎಂಬುದು ಹೊಳೆದಿರುವುದಿಲ್ಲ.

371(ಜೆ) ಅರ್ಹತಾ ಪ್ರಮಾಣ ಪತ್ರವನ್ನು ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು, ತಹಶೀಲ್ದಾರರಲ್ಲ. ಕಲಬುರಗಿ ಜಿಲ್ಲೆಯವರಿಗೆ ಅವರವರ ತಾಲ್ಲೂಕಿನಂತೆ ಕಲಬುರಗಿ ಅಥವಾ ಸೇಡಂ, ಬೀದರ್ ಜಿಲ್ಲೆಯವರಿಗೆ ಬೀದರ್ ಅಥವಾ ಬಸವಕಲ್ಯಾಣ ಉಪವಿಭಾಗ. ಈ ಭಾಗದಲ್ಲಿ ಹುಟ್ಟಿದವರು, ಆದೇಶ ಹೇಳುವ ಹತ್ತು ವರ್ಷಗಳ ವಾಸವನ್ನು ತೋರಿಸಬಲ್ಲವರು, ಅಂಥ ತಂದೆ ಅಥವಾ ತಾಯಿಯ ಮಕ್ಕಳು ಇದನ್ನು ಕೇಳಬಹುದು. ಆಳಂದದವರ ಹೆರಿಗೆ ಸೊಲ್ಲಾಪುರದಲ್ಲಿ, ಬೀದರಿನವರ ಹೆರಿಗೆ ಹೈದರಾಬಾದಿನಲ್ಲಿ ಆಗುವುದು ಸಾಮಾನ್ಯ. ಯಾದಗಿರಿಯಿಂದ ಪುಣೆ, ಮುಂಬೈಗೆ ದುಡಿಯಲು ಹೋದವರ ಮಕ್ಕಳು ಅಲ್ಲಿಯೇ ಹುಟ್ಟಿರುತ್ತಾರೆ. ಅಂಥವರು ಮಗುವಿನ ಜನನ ಪತ್ರ ಹೊರರಾಜ್ಯದ್ದೆಂದು ಕೈಚೆಲ್ಲದೆ, ತಂದೆ ಅಥವಾ ತಾಯಿಯ ಶಾಲಾ ವರ್ಗಾವಣೆ ಪತ್ರ ಮತ್ತು ವಾಸದ ದಾಖಲೆಗಳನ್ನು ಜೋಡಿಸಿ, ಪಾಲಕರ ಆಧಾರದ ಮೇಲೆ ಅರ್ಜಿ ಹಾಕಬೇಕು. ತಂದೆಯ ಹಳೆಯ ಶಾಲೆಯಿಂದ ದಾಖಲೆ ತೆಗೆಸುವುದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆಯಾದ್ದರಿಂದ ಈ ಕೆಲಸವನ್ನು ಪಿಯುಸಿ ಮೊದಲ ವರ್ಷದಲ್ಲಿಯೇ ಆರಂಭಿಸುವುದು ಲೇಸು.

ಜಾತಿ ಪ್ರಮಾಣ ಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನಮೂನೆ ಡಿ, ಹಿಂದುಳಿದ ವರ್ಗಗಳ ಪೈಕಿ ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿ ಪ್ರವರ್ಗದವರಿಗೆ ಜಾತಿಯೊಂದಿಗೆ ಆದಾಯವನ್ನೂ ತೋರಿಸುವ ನಮೂನೆ ಎಫ್. ಈ ಕೊನೆಯದಕ್ಕೆ ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯ ಮಿತಿಯಿದೆ, ಪತ್ರಕ್ಕೆ ಅವಧಿಯೂ ಇದೆ; ಅಣ್ಣನಿಗೆಂದು ಮಾಡಿಸಿದ ಹಳೆಯ ಪತ್ರದ ಭರವಸೆಯಲ್ಲಿ ತಂಗಿಯ ಅರ್ಜಿಯನ್ನು ತುಂಬಬಾರದು. ಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಬೇಕಾಗುತ್ತದೆ. ಅಲ್ಲಿ ಹೆಸರಿನ ಅಕ್ಷರಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದದಿದ್ದರೆ ಅದನ್ನು ಮುಂಚೆಯೇ ಸರಿಪಡಿಸಿಕೊಳ್ಳಬೇಕು.

ನಮ್ಮ ಭಾಗದಲ್ಲಿ ತೊಡಕು ಹುಟ್ಟುವುದು ಹೆಚ್ಚಾಗಿ ಶಾಲೆಯ ದಾಖಲಾತಿಯಲ್ಲಿ ಜಾತಿಯನ್ನು ಬರೆಸಿದ ರೀತಿಯಿಂದ. ಹಡಪದ ಕುಟುಂಬವೊಂದು ಮಗನ ದಾಖಲೆಯಲ್ಲಿ ಬರೀ ಲಿಂಗಾಯತ ಎಂದು ಬರೆಸಿದ್ದರೆ, 2ಎ ಕೇಳುವಾಗ ತಂದೆ, ಅಜ್ಜ, ಚಿಕ್ಕಪ್ಪಂದಿರ ದಾಖಲೆಗಳಿಂದ ತಮ್ಮದು ಹಡಪದ ಜಾತಿಯೆಂದು ಸಾಬೀತುಪಡಿಸಬೇಕಾಗುತ್ತದೆ. ಪ್ರವರ್ಗ 1ರಲ್ಲಿರುವ ಕೋಲಿ, ಕಬ್ಬಲಿಗರಿಗೂ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ ಟೋಕ್ರೆ ಕೋಲಿಗೂ, ಜಂಗಮರಿಗೂ ಪರಿಶಿಷ್ಟ ಜಾತಿಯ ಪಟ್ಟಿಯ ಬೇಡ ಜಂಗಮಕ್ಕೂ ಸಂಬಂಧಿಸಿದ ವಾದಗಳು ಇಲ್ಲಿ ವರ್ಷಗಳಿಂದ ನಡೆದಿವೆ. ಆ ವಾದದ ಸರಿತಪ್ಪು ಏನೇ ಇರಲಿ, ಹದಿನೇಳು ವರ್ಷದ ವಿದ್ಯಾರ್ಥಿಯ ಸೀಟನ್ನು ಅದಕ್ಕೆ ಪಣವಾಗಿಡುವುದು ತರವಲ್ಲ. ಪ್ರಮಾಣ ಪತ್ರ ಮುಂದೆ ರದ್ದಾದರೆ ಸೀಟು ಉಳಿಯುವುದಿಲ್ಲ, ಮೇಲಾಗಿ ಸುಳ್ಳು ಪತ್ರ ಪಡೆಯುವುದು ಶಿಕ್ಷಾರ್ಹ ಅಪರಾಧ.

ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರು ಆ ಮೀಸಲಾತಿಯನ್ನೂ ಕೇಳಬಹುದು. ಇದಕ್ಕೆ ಶಾಲೆಯ ವ್ಯಾಸಂಗ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು.

ಅಮೆರಿಕದ ಹಾರ್ವರ್ಡ್‌ನಂಥ ವಿಶ್ವವಿದ್ಯಾಲಯಗಳು ಅರ್ಜಿದಾರನ ಜನಾಂಗವನ್ನು ಅವನ ಪ್ರಬಂಧ, ಶಿಫಾರಸು, ಚಟುವಟಿಕೆಗಳೊಂದಿಗೆ ಸೇರಿಸಿ ತೂಗಿ ನೋಡುತ್ತಿದ್ದವು; 2023ರ ಜೂನ್ 29ರಂದು ಅಲ್ಲಿನ ಸುಪ್ರೀಂ ಕೋರ್ಟ್ ಆ ಪದ್ಧತಿಯನ್ನು ತಳ್ಳಿಹಾಕಿತು. ನಮ್ಮಲ್ಲಿ ಹಾಗೆ ತೂಗುವ ಸಮಿತಿಯೇ ಇಲ್ಲ. ಸೀಟುಗಳು ಮೊದಲೇ ಪ್ರವರ್ಗವಾರು ಹಂಚಿಕೆಯಾಗಿರುತ್ತವೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ರ್‍ಯಾಂಕ್, ಆಪ್ಷನ್ ಮತ್ತು ಅರ್ಜಿಯಲ್ಲಿ ಕೇಳಿದ ಮೀಸಲಾತಿಗಳನ್ನು ನೋಡಿ ಸೀಟು ಕೊಡುತ್ತದೆ. ಹೀಗಾಗಿ ಅರ್ಜಿಯಲ್ಲಿ ಕೇಳದ ಹಕ್ಕು ಇಲ್ಲದ ಹಕ್ಕಿಗೆ ಸಮ. ಪ್ರವರ್ಗದ ವಿದ್ಯಾರ್ಥಿಯ ರ್‍ಯಾಂಕ್ ಸಾಮಾನ್ಯ ಸೀಟಿಗೇ ಸಾಲುವಂತಿದ್ದರೆ ಅವನಿಗೆ ಅದೇ ಸಿಗುತ್ತದೆ. ಮೀಸಲಾತಿ ಕೇಳಿದ್ದರಿಂದ ಸಾಮಾನ್ಯ ಸೀಟು ತಪ್ಪುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಆಪ್ಷನ್ ತುಂಬುವ ಮೊದಲು ಹಿಂದಿನ ವರ್ಷಗಳ ಕಟ್‌ಆಫ್ ನೋಡಬೇಕು. ಪ್ರಾಧಿಕಾರವು ಸಾಮಾನ್ಯ ಪಟ್ಟಿಯನ್ನೂ ನಮ್ಮ ಪ್ರದೇಶದ ಪಟ್ಟಿಯನ್ನೂ ಬೇರೆಯಾಗಿ ಪ್ರಕಟಿಸುತ್ತದೆ. ಎರಡನೆಯದರಲ್ಲಿ ನಿಮ್ಮ ಪ್ರವರ್ಗದ ಅಂಕಣವನ್ನು ಓದಿ. ಪರಿಶಿಷ್ಟರ ಮೀಸಲಾತಿಯನ್ನು ಶೇ. 17 ಮತ್ತು ಶೇ. 7ಕ್ಕೆ ಏರಿಸಿದ 2022ರ ನಿರ್ಧಾರದ ನಂತರ ಪ್ರಮಾಣಗಳ ಬಗ್ಗೆ ನ್ಯಾಯಾಲಯದಲ್ಲಿ ವ್ಯಾಜ್ಯಗಳೂ ನಡೆದಿರುವುದರಿಂದ, ಹಳೆಯ ಕಟ್‌ಆಫನ್ನು ಅಂದಾಜಿಗೆ ಮಾತ್ರ ಇಟ್ಟುಕೊಂಡು ಆ ವರ್ಷದ ಮಾಹಿತಿ ಪುಸ್ತಿಕೆಯನ್ನೇ ನಂಬಬೇಕು. ಆಪ್ಷನ್‌ಗಳನ್ನು ಸಿಗುವ ಸಾಧ್ಯತೆಯ ಕ್ರಮದಲ್ಲಲ್ಲ, ಬೇಕೆನಿಸುವ ಕ್ರಮದಲ್ಲಿ ಬರೆಯಿರಿ. ಮೇಲಿನದು ಸಿಗದಿದ್ದರೆ ಕೆಳಗಿನದು ಕೈತಪ್ಪುವುದಿಲ್ಲ.

ಕೊನೆಯದಾಗಿ, ಕೇಂದ್ರದ ಸೀಟುಗಳ ಲೆಕ್ಕವೇ ಬೇರೆ. ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ, ಸರ್ಕಾರಿ ವೈದ್ಯಕೀಯ ಕಾಲೇಜುಗಳ ಶೇ. 15ರ ಅಖಿಲ ಭಾರತ ಕೋಟಾಕ್ಕೂ ಕೇಂದ್ರದ ಮೀಸಲಾತಿ ಪಟ್ಟಿ ಅನ್ವಯಿಸುತ್ತದೆ. ಹಿಂದುಳಿದ ವರ್ಗದವರು ಅಲ್ಲಿಗೆ ಕೇಂದ್ರ ನಮೂನೆಯ ಒಬಿಸಿ ಪತ್ರ ಮಾಡಿಸಬೇಕು. ರಾಜ್ಯದ 3ಬಿ ಪಟ್ಟಿಯಲ್ಲಿದ್ದೂ ಕೇಂದ್ರದ ಪಟ್ಟಿಯಲ್ಲಿಲ್ಲದ ಲಿಂಗಾಯತ ಕುಟುಂಬಗಳು, ಆದಾಯ ಮತ್ತು ಆಸ್ತಿಯ ಮಿತಿಯೊಳಗಿದ್ದರೆ, ಆರ್ಥಿಕವಾಗಿ ದುರ್ಬಲ ವರ್ಗದ ಶೇ. 10ರ ಪ್ರಮಾಣ ಪತ್ರಕ್ಕೆ ತಹಶೀಲ್ದಾರರಲ್ಲಿ ಪ್ರತ್ಯೇಕ ಅರ್ಜಿ ಸಲ್ಲಿಸಬಹುದು.