ಕಾಯಿಸಿದ ತಮಟೆ, ಗಂಜಿ ಹಾಕಿದ ಅಂಗಿ

ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿ ಎಷ್ಟು ಸದ್ದು ಮಾಡುತ್ತದೆ ಅನ್ನುವುದು ಹೆಡ್‌ಫೋನ್ ಹಾಕಿಕೊಂಡು ಕೂತವರಿಗೇ ಗೊತ್ತು. ಚಿಕ್ಕಬಳ್ಳಾಪುರದ ಒಂದು ಸಭಾಂಗಣದಲ್ಲಿ ತತ್ವಪದ ಮತ್ತು ತಮಟೆಯ ಕಾರ್ಯಕ್ರಮವನ್ನು ನಾಲ್ಕು ಕ್ಯಾಮೆರಾ ಇಟ್ಟು ಚಿತ್ರೀಕರಿಸುವುದಿತ್ತು. ಧ್ವನಿಯ ಜವಾಬ್ದಾರಿ ನನ್ನದು. ಹಿಂದಿನ ದಿನದ ಗ್ರ್ಯಾಂಡ್ ರಿಹರ್ಸಲ್‌ನಲ್ಲಿ ಹಿರಿಯ ಗಾಯಕರ ಎದೆಗೆ ಕಾಲರ್ ಮೈಕ್ ಸಿಕ್ಕಿಸಿ ಬಂದು ಕೂತೆ. ಅವರು ಉಸಿರೆಳೆದುಕೊಂಡರು, ಚರ್ ಅಂತು. ಏಕತಾರಿ ಮೀಟಲು ಕೈ ಎತ್ತಿದರು, ಮತ್ತೆ ಚರ್ ಚರ್. ಪದದ ಮೊದಲ ಸಾಲಿಗಿಂತ ಮುಂಚೆ ಬಟ್ಟೆಯೇ ಹಾಡತೊಡಗಿತ್ತು.

"ತಾತ, ನಾಳೆನೂ ಇದೇ ಅಂಗಿನಾ?" ಅಂತ ಕೇಳಿದೆ.

"ಇದೇ ಕಣಪ್ಪ. ನಮ್ ಸೊಸೆ ಇದಕ್ಕೋಸ್ಕರಾನೇ ಗಂಜಿ ಹಾಕಿ ಮಡಗಿದ್ಲು."

ಅದಾದ ಮೇಲೆ ಬೇರೆ ಅಂಗಿ ಹಾಕಿಕೊಳ್ಳಿ ಅನ್ನಲು ನನಗೆ ಬಾಯಿ ಬರಲಿಲ್ಲ. ಮೈಕ್ ಕೂರುವ ಜಾಗದಲ್ಲಿ ಅಂಗಿಯ ಒಳಮಡಿಕೆಯನ್ನು ಒದ್ದೆ ಬಟ್ಟೆಯಿಂದ ಒತ್ತಿ ಗಂಜಿಯನ್ನು ಮೆತ್ತಗೆ ಮಾಡಿದೆ. ಗಾಯಕ್ಕೆ ಹಚ್ಚುವ ಬಿಳಿ ಟೇಪನ್ನು ಅಂಟು ಹೊರಗೆ ಬರುವಂತೆ ತ್ರಿಕೋನವಾಗಿ ಮಡಚಿ, ಎರಡು ತ್ರಿಕೋನಗಳ ನಡುವೆ ಮೈಕ್ ಇಟ್ಟು, ಒಂದು ಕಡೆ ಅಂಗಿಗೂ ಇನ್ನೊಂದು ಕಡೆ ಒಳಗಿನ ಬನಿಯನ್‌ಗೂ ಅಂಟಿಸಿದೆ. ಬಟ್ಟೆ ಆಡಿದರೆ ಮೈಕೂ ಅದರ ಜೊತೆಗೇ ಆಡಬೇಕು, ಆಗ ಉಜ್ಜಾಟ ಇರುವುದಿಲ್ಲ. ಮೂರನೇ ಸಲಕ್ಕೆ ಸದ್ದು ಅಡಗಿತು. ಇಷ್ಟಕ್ಕೇ ನಲವತ್ತು ನಿಮಿಷ ಹಿಡಿಯಿತು. ಕಾರ್ಯಕ್ರಮದ ದಿನ ಆ ನಲವತ್ತು ನಿಮಿಷ ಯಾರು ಕೊಡುತ್ತಾರೆ? "ಬಟ್ಟೆ ನಾಳೆ ಹಾಕೊಂಡ್ರಾಯ್ತು, ಇವತ್ತು ಸುಮ್ನೆ ಹಾಡ್ಸಿ" ಅನ್ನುವ ಆಯೋಜಕರ ಜೊತೆ ನಾನು ಪ್ರತಿ ಸಲ ಹಟ ಹಿಡಿಯುವುದು ಇದಕ್ಕೇ.

ಬಟ್ಟೆಯ ಗೋಳು ಕ್ಯಾಮೆರಾದವರಿಗೂ ಇತ್ತು. ದನಿಗೂಡಿಸುವ ಐದು ಜನಕ್ಕೆ ಹೊಸ ಪಂಚೆ, ಹೊಸ ಶಲ್ಯ ಕೊಡಿಸಿದ್ದರು. ದೀಪದ ಕೆಳಗೆ ಅವು ಹಾಲಿನಂತೆ ಉರಿದು, ಮಾನಿಟರ್‌ನಲ್ಲಿ ಮಡಿಕೆಯೂ ಕಾಣದ ಬಿಳಿ ತೇಪೆಗಳಾಗಿದ್ದವು. ಬಿಳಿಗೆ ತಕ್ಕಂತೆ ಬೆಳಕು ಇಳಿಸಿದರೆ ಕಪ್ಪು ಮೈಬಣ್ಣದ ಮುಖಗಳು ಕತ್ತಲಾಗುತ್ತವೆ. ಮುಖ ಮುಖ್ಯವೋ ಪಂಚೆಯೋ? ಸಭಾಂಗಣದ ಹಿಂದಿನ ಟೀ ಅಂಗಡಿಯಿಂದ ಒಂದು ಬಕೆಟ್ ತೆಳು ಡಿಕಾಕ್ಷನ್ ತರಿಸಿ ಅಷ್ಟನ್ನೂ ಅದ್ದಿ ಹಿಂಡಿ ಒಣಹಾಕಿದರು. ಸಿನಿಮಾದವರ ಹಳೆಯ ಉಪಾಯ ಇದು. ಬರಿಗಣ್ಣಿಗೆ ಬಿಳಿಯೇ, ಕ್ಯಾಮೆರಾಗೆ ಮಾತ್ರ ಕೊಂಚ ಕೆನೆಬಣ್ಣ. ತಾತನ ಅಂಗಿಯನ್ನು ಯಾರೂ ಮುಟ್ಟಲಿಲ್ಲ. ಅವರ ಮೇಲಿನ ದೀಪಕ್ಕೆ ಬಟರ್ ಪೇಪರ್ ಅಡ್ಡ ಕಟ್ಟಿದರು.

ಆ ದೀಪದ ಬೆಳಕನ್ನು ಡಿಮ್ಮರ್‌ನಲ್ಲಿ ಇಳಿಸಲೂ ಆಗುತ್ತಿರಲಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಸೆಕೆಂಡಿಗೆ 25 ಫ್ರೇಮ್ (ಚಿತ್ರ), ಪ್ರತಿ ಫ್ರೇಮಿಗೆ ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 1/50 ಇಟ್ಟುಕೊಂಡರೆ ಸಾಮಾನ್ಯವಾಗಿ ದೀಪ ಮಿಣುಕುವುದಿಲ್ಲ. ಅಲ್ಲಿನ ಹಳೆಯ ಎಲ್‌ಇಡಿಗಳು ಮಾತ್ರ ಡಿಮ್ ಮಾಡಿದ ಕೂಡಲೇ ಚಿತ್ರದ ಮೇಲೆ ಅಡ್ಡಪಟ್ಟಿ ಓಡಿಸುತ್ತಿದ್ದವು.

ಇನ್ನು ತಮಟೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಈ ವಾದ್ಯದಿಂದ. ಅದನ್ನು ಬರೀ ಗದ್ದಲ ಅಂದುಕೊಂಡು, ದೂರದಲ್ಲೊಂದು ಮೈಕ್ ನೆಟ್ಟು ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗಿಡ್ಡ ಕೋಲಿನ ಪೆಟ್ಟು ಬೇರೆ, ತೆಳು ಕಡ್ಡಿ ಅಂಚಿನಲ್ಲಿ ಮಾಡುವ ಚಿಟಪಟ ಬೇರೆ. ಎರಡೂ ಬಿಡಿಬಿಡಿಯಾಗಿ ಕಿವಿಗೆ ಬೀಳಬೇಕು.

ಸೌಂಡ್ ಚೆಕ್ ಅಂದರೆ ಯಾರೂ ಪೂರ್ತಿ ಕೈ ಬಿಟ್ಟು ಬಾರಿಸುವುದಿಲ್ಲ. ಆ ಅಳತೆಗೆ ಲೆವೆಲ್ ಇಟ್ಟುಕೊಂಡರೆ ಮಾರನೆಯ ದಿನ, ಜನ ಶಿಳ್ಳೆ ಹೊಡೆದಾಗ, ಮೀಟರ್ ಎಲ್ಲ ಕೆಂಪು. ಡಿಜಿಟಲ್‌ನಲ್ಲಿ ಸೊನ್ನೆ ಡಿಬಿಯೇ (ಡೆಸಿಬೆಲ್) ಕೊನೆಯ ಮಿತಿ, ಅದನ್ನು ದಾಟಿದ ಸದ್ದು ಹರಿದುಹೋಗುತ್ತದೆ, ಆಮೇಲೆ ಹೊಲಿಯಲು ಬರುವುದಿಲ್ಲ. "ಜಾತ್ರೇಲಿ ಹೆಂಗೋ ಹಂಗೇ ಹೊಡೀರಣ್ಣಾ, ಕುಣೀತಾ ಹೊಡೀರಿ" ಅಂದೆ. ಹೊಡೆದರು. ಅದರ ಜೋರಿನ ಪೆಟ್ಟು ಮೈನಸ್ 12 ಡಿಬಿಯ ಹತ್ತಿರ ನಿಲ್ಲುವಂತೆ, ಮೈಕಿನ ಸದ್ದನ್ನು ಹಿಗ್ಗಿಸುವ ಗೇನ್ ಇಳಿಸಿದೆ.

ಎ.ಸಿ.ಯನ್ನು ಕಾರ್ಯಕ್ರಮದ ಹೊತ್ತಿಗಷ್ಟೇ ಹಾಕುತ್ತೇವೆ ಅಂದಿದ್ದರು. ಕಾಡಿ ಬೇಡಿ ರಿಹರ್ಸಲ್‌ಗೂ ಹಾಕಿಸಿದ್ದೆ. ಹೊರಗೆ ಆಷಾಢದ ಸೋನೆ, ಒಳಗೆ ತಣ್ಣನೆ ಗಾಳಿ. ಇಪ್ಪತ್ತು ನಿಮಿಷಕ್ಕೆ ಹೆಡ್‌ಫೋನ್‌ನಲ್ಲಿ ತಮಟೆಯ ದನಿ ಬದಲಾಯಿತು. ಟಣ್ ಅನ್ನುತ್ತಿದ್ದದ್ದು ದಪ್ ಅನ್ನತೊಡಗಿತು. ಮೊದಲು ನನ್ನ ಕೇಬಲ್ ಮೇಲೆ ಅನುಮಾನ ಬಂತು. ವೇದಿಕೆ ಹತ್ತಿ ಹೋದರೆ, ತಂಡದ ಯಜಮಾನರು ಆಗಲೇ ಬಾರಿಸುವುದನ್ನು ನಿಲ್ಲಿಸಿ ಅಂಗೈಯಿಂದ ಚರ್ಮ ಸವರುತ್ತಿದ್ದರು. ನನ್ನ ಕೈ ಹಿಡಿದು ಅದರ ಮೇಲೆ ಇಟ್ಟರು. ತಣ್ಣಗಿತ್ತು, ಒತ್ತಿದರೆ ಹಸಿ ಹಪ್ಪಳದಂತೆ ಬಗ್ಗುತ್ತಿತ್ತು.

"ಇಳಿದೋಯ್ತು ಸಾ. ಬೆಂಕಿ ಕಾಣಿಸ್ಬೇಕು."

ಕಾಯಿಸಿದಾಗ ತೇವ ಆರಿ ಬಿಗಿಯಾಗುವ ಚರ್ಮ, ತಣ್ಣಗಾದ ಮೇಲೆ ಮತ್ತೆ ತೇವ ಹೀರಿ ಸಡಿಲವಾಗುತ್ತದೆ. ಬಯಲಿನಲ್ಲಾದರೆ ಪಕ್ಕದಲ್ಲೇ ಒಂದು ಹಿಡಿ ಹುಲ್ಲು ಹೊತ್ತಿಸಿ ಕಾಯಿಸಿಕೊಳ್ಳುತ್ತಾರೆ. ಸಭಾಂಗಣದೊಳಗೆ ಬೆಂಕಿ ಹಚ್ಚುವಂತಿಲ್ಲ. ಹಿಂಬಾಗಿಲ ಆಚೆ, ಸಜ್ಜೆಯ ಕೆಳಗೆ ಹುಲ್ಲು, ಒಂದು ಬಕೆಟ್ ನೀರು, ಕಾಯಲು ಒಬ್ಬ ಹುಡುಗನನ್ನು ಇಟ್ಟೆವು. ಯಜಮಾನರು ಊರಿಂದ ಇನ್ನೂ ಮೂರು ತಮಟೆ ತರಿಸಿದರು. ಮೂರು ವೇದಿಕೆಯಲ್ಲಿ, ಮೂರು ಬೆಂಕಿಯ ಹತ್ತಿರ, ಪ್ರತಿ ಪದ ಮುಗಿದಾಗ ಸೈಡ್ ವಿಂಗ್‌ನಲ್ಲಿ ಅದಲು ಬದಲು. ಎರಡನೇ ಕ್ಯಾಮೆರಾದ ಹುಡುಗಿ ಮಾನಿಟರ್ ನೋಡಿ ಹೇಳಿದಳು, "ಅಣ್ಣ, ಒಂದು ತಮಟೆಯ ಸುತ್ತಿನ ಬಳೆಗೆ ಹಸಿರು ಬಣ್ಣ ಇದೆ, ಒಂದು ಬರೀ ಕಬ್ಬಿಣ. ಎಡಿಟ್‌ನಲ್ಲಿ ಕಣ್ಣಿಗೆ ಹೊಡೆಯುತ್ತೆ." ನಿಜ. ಯಾವ ಪದಕ್ಕೆ ಯಾವ ತಮಟೆ ಅಂತ ಬಳೆಯ ಹಿಂದೆ ಸೀಮೆಸುಣ್ಣದಲ್ಲಿ ನಂಬರ್ ಬರೆದೆವು.

ಉಳಿದದ್ದು ತಾತನ ಹಾಡಿನ ಉದ್ದ. ನಿರ್ದೇಶಕರು ಎಷ್ಟು ನಿಮಿಷ ಅಂತ ಕೇಳಿದರು. "ಅದು ಮುಗದಾಗ ಮುಗೀತದೆ" ಅಂದರು ತಾತ. ಒಂದು ಸಲ ಹಾಡಿದಾಗ ಆರು ನಿಮಿಷ, ಮತ್ತೊಂದು ಸಲ ಒಂಬತ್ತು. ದೀಪದವರಿಗೆ ಸೂಚನೆ ಕೊಡುವುದು ಹೇಗೆ? ಹಾಡುತ್ತಿದ್ದದ್ದು ಹಿಂದಿನ ಕಾಲದ ಸಂತಕವಿ ಕೈವಾರ ತಾತಯ್ಯನವರ ಪದ. ‘ನಾರೇಯಣ’ ಅನ್ನುವ ಅಂಕಿತ, ಅಂದರೆ ಪದ ಕಟ್ಟಿದವರ ಸಹಿಯಂಥ ಹೆಸರು, ಬಂತು ಅಂದರೆ ಕೊನೆಯ ಚರಣ. ಗಡಿಯಾರ ಬಿಟ್ಟು ಅಂಕಿತವನ್ನೇ ಗುರುತು ಮಾಡಿಕೊಂಡೆವು. ಅದು ಕಿವಿಗೆ ಬಿದ್ದ ಕೂಡಲೇ ನಾನು ಇಂಟರ್‌ಕಾಮ್‌ನಲ್ಲಿ "ಬಂತು" ಅನ್ನಬೇಕು, ಒಂದನೇ ಕ್ಯಾಮೆರಾ ಮುಖಕ್ಕೆ, ನಾಲ್ಕನೆಯದು ಬೆರಳಿಗೆ. ತತ್ವಪದದ ಹೊತ್ತಿಗೆ ಎ.ಸಿ. ಪೂರ್ತಿ ಬಂದ್, ಏಕತಾರಿಯ ಒಂಟಿ ತಂತಿಯ ಮುಂದೆ ಆ ಗುಂಯ್ ಅನ್ನುವ ಸದ್ದು ಬೇಡ.

ಮಾರನೆಯ ಸಂಜೆ ಹಾಡು ಹನ್ನೊಂದು ನಿಮಿಷ ಹೋಯಿತು. ನಾನು "ಬಂತು" ಅಂದೆ. ತಾತ ಕಣ್ಣು ಮುಚ್ಚಿಯೇ ಇದ್ದರು. ದನಿ ನಿಂತ ಮೇಲೂ ತಂತಿ ಇನ್ನೂ ಮಿಡಿಯುತ್ತಿತ್ತು. ಅದು ನಿಲ್ಲುವವರೆಗೂ ನಾಲ್ಕನೇ ಕ್ಯಾಮೆರಾ ಬೆರಳು ಬಿಟ್ಟು ಕದಲಲಿಲ್ಲ. ಅಂಗಿ ಒಂದು ಚೂರೂ ಸದ್ದು ಮಾಡಲಿಲ್ಲ.