ರಮಝಾನ್ ಅಲ್ಲದ ದಿನದ ನೋಂಬು: ಮುಂಬೈಯ ಕುರ್ಲಾದ ಒಂದು ಅಡುಗೆಮನೆಯಿಂದ

2025ರ ಜೂನ್ 9, ಸೋಮವಾರ. ಬಕ್ರೀದ್ ಆಗಿ ಎರಡು ದಿನ. ಸೋಮವಾರ ನೋಂಬು (ಉಪವಾಸ) ಹಿಡಿಯುವುದು ನನಗೆ ಮೂರು ವರ್ಷದ ಅಭ್ಯಾಸ, ಅಲಾರಾಂ ಇಲ್ಲದೆಯೂ ಎಚ್ಚರ ಆಗುತ್ತದೆ. ಎದ್ದೆ, ಗಂಜಿ ಕುಡಿದೆ, ನಿಯ್ಯತ್ (ನೋಂಬಿನ ಸಂಕಲ್ಪ) ಮಾಡಿದೆ. ಒಂಬತ್ತು ಗಂಟೆಗೆ ಬಂಟ್ವಾಳದಿಂದ ಅಮ್ಮನ ಫೋನು.

"ಮಾಂಸ ಏನು ಮಾಡಿದೆ?"

"ಫ್ರಿಜ್ಜಲ್ಲಿ ಉಂಟು. ಇವತ್ತು ನನಗೆ ನೋಂಬಲ್ವಾ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ತಶ್ರೀಕಿನಲ್ಲಿ ನೋಂಬು ಹಿಡಿಯುವವರು ಯಾರು ಮಾರಾಯ್ತಿ? ಮೊದಲು ಒಂದು ಲೋಟ ನೀರು ಕುಡಿ. ಮತ್ತೆ ಮಾತಾಡು."

ಹಾಗಾಗಿ ನಫಿಲ್, ಅಂದರೆ ಕಡ್ಡಾಯವಲ್ಲದ ನೋಂಬು ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಹಿಡಿಯಬಾರದ ದಿನಗಳನ್ನು. ವರ್ಷಕ್ಕೆ ಐದು: ಎರಡು ಈದ್, ಮತ್ತೆ ಬಕ್ರೀದಿನ ನಂತರದ ಮೂರು ದಿನ (ಅಮ್ಮ ಹೇಳಿದ ತಶ್ರೀಕ್), ಅಂದರೆ ಝುಲ್‌ಹಜ್ 11, 12, 13. ಅವು ತಿನ್ನುವ, ಕುಡಿಯುವ, ಅಲ್ಲಾಹನನ್ನು ನೆನೆಯುವ ದಿನಗಳು. ಆ ದಿನ ಸೋಮವಾರ ಬಂದರೂ ಅಷ್ಟೆ, ಗುರುವಾರ ಬಂದರೂ ಅಷ್ಟೆ. ಪ್ರತಿ ತಿಂಗಳು 13, 14, 15ರ ಬಿಳಿ ದಿನಗಳ ನೋಂಬು ಹಿಡಿಯುವವರು ಆ ತಿಂಗಳು 13 ಬಿಟ್ಟು 16 ಸೇರಿಸಿಕೊಳ್ಳಬೇಕು. ಶುಕ್ರವಾರ ಒಂದನ್ನೇ ಆರಿಸಿ ಹಿಡಿಯುವುದೂ ಒಳ್ಳೆಯದಲ್ಲ, ಹಿಂದಿನ ಅಥವಾ ಮುಂದಿನ ದಿನ ಜೊತೆಗಿರಬೇಕು. ನಮ್ಮ ಶಾಫಿ ಪಂಥದ ಕ್ರಮದಲ್ಲಿ, ರಮಝಾನಿನ ಹಿಂದಿನ ತಿಂಗಳಾದ ಶಅಬಾನ್ 15 ಕಳೆದ ಮೇಲೆ ಹೊಸದಾಗಿ ನಫಿಲ್ ಶುರು ಮಾಡುವುದೂ ಇಲ್ಲ.

ಇನ್ನು ಹಿಡಿಯುವ ದಿನಗಳು. ನನ್ನ ಡಬ್ಬಾ (ಊಟದ ಬುತ್ತಿ) ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ಪೆನ್ಸಿಲಲ್ಲಿ ಬರೆದಿಟ್ಟಿದ್ದೇನೆ. ಪೆನ್ ಬೇಡ, ಚಂದ್ರ ಕಂಡ ಮೇಲೆ ಒಂದು ದಿನ ಆಚೀಚೆ ಆಗುತ್ತದೆ. ಇಸ್ಲಾಮಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಹಳೇ ವರ್ಷದ ತಾರೀಕು ಉಪಯೋಗಕ್ಕೆ ಬರುವುದಿಲ್ಲ. ರಮಝಾನ್ ಆದ ಮೇಲೆ, ಅದರ ಮುಂದಿನ ತಿಂಗಳಾದ ಶವ್ವಾಲಿನ ಆರು. ಬಕ್ರೀದಿನ ತಿಂಗಳ ಮೊದಲ ಒಂಬತ್ತು, ಅದರಲ್ಲೂ ಒಂಬತ್ತನೆಯದು ಅರಫಾ. ಮುಹರ್ರಮಿನ ಹತ್ತು, ಆಶೂರಾ. ಬಕ್ರೀದಿನ ತಿಂಗಳ ಒಂಬತ್ತೂ ಹಿಡಿಯಲಾಗುವುದಿಲ್ಲ ಎನ್ನುವವರು ಅರಫಾ ಒಂದನ್ನು ಬಿಡಬೇಡಿ. ಕಳೆದ ವರ್ಷದ, ಬರುವ ವರ್ಷದ ಪಾಪಕ್ಕೆ ಅದು ಪರಿಹಾರ ಎಂದು ಹದೀಸಿನಲ್ಲಿ (ಪ್ರವಾದಿಯವರ ಮಾತಿನಲ್ಲಿ) ಉಂಟು. ಆಶೂರಾಕ್ಕೆ ಕಳೆದ ಒಂದು ವರ್ಷದ್ದು.

ಯಾರ ಚಂದ್ರ? ಮುಂಬೈಯಲ್ಲಿರುವ ನಮ್ಮ ಊರಿನವರಿಗೆ ಇದೇ ದೊಡ್ಡ ತಲೆನೋವು. 2024ರಲ್ಲಿ ಊರಲ್ಲಿ ಏಪ್ರಿಲ್ 10ಕ್ಕೆ ಈದ್, ಇಲ್ಲಿ 11ಕ್ಕೆ. ಅಮ್ಮ ವಿಡಿಯೋ ಕಾಲಲ್ಲಿ ಹೊಸ ಬಟ್ಟೆ ತೋರಿಸುವಾಗ ನನಗೆ ಮೂವತ್ತನೇ ನೋಂಬು. ನಾವಿರುವ ಜಾಗದ ಚಂದ್ರನನ್ನೇ ನಾನು ನಂಬುವುದು. ಅರಫಾಕ್ಕೆ ಸೌದಿಯ ದಿನ ನೋಡಬೇಕೋ ಇಲ್ಲಿಯ ಒಂಬತ್ತೋ ಎಂಬ ಚರ್ಚೆ ವಾಟ್ಸಾಪಲ್ಲಿ ಪ್ರತಿ ವರ್ಷ ಹತ್ತುತ್ತದೆ. 2025ರಲ್ಲಿ ಹಾಜಿಗಳು ಮಕ್ಕಾ ಹತ್ತಿರದ ಅರಫಾತ್ ಬಯಲಿನಲ್ಲಿ ನಿಂತದ್ದು ಜೂನ್ 5, ಗುರುವಾರ. ಇಲ್ಲಿಯ ಒಂಬತ್ತು ಶುಕ್ರವಾರ. ನಾನು ಎರಡೂ ಹಿಡಿದೆ. ಜಗಳ ಮುಗಿಯಿತು, ಒಂಟಿ ಶುಕ್ರವಾರದ ಪ್ರಶ್ನೆಯೂ ಮುಗಿಯಿತು. ಹಜ್ಜಿಗೆ ಹೋದವರಿಗೆ ಮಾತ್ರ ಅಂದು ನೋಂಬಿಲ್ಲ. ಪ್ರವಾದಿಯವರು ಅರಫಾತಿನಲ್ಲಿ ಒಂಟೆಯ ಮೇಲೆ ಕೂತು ಎಲ್ಲರಿಗೂ ಕಾಣುವ ಹಾಗೆ ಹಾಲು ಕುಡಿದಿದ್ದರು.

ರಮಝಾನಿನಲ್ಲಿ ಕುರ್ಲಾದ ನಮ್ಮ ಇಡೀ ಪೈಪ್ ರೋಡೇ ನಮ್ಮನ್ನು ಎಬ್ಬಿಸುತ್ತದೆ. ನಫಿಲಿಗೆ ಯಾರೂ ಇಲ್ಲ. ಗಲ್ಲಿಯಲ್ಲಿ ನಾಯಿ, ನಲ್ಲಿಯಲ್ಲಿ ನೀರಿನ ಸದ್ದು, ನಾನು. ಆದ್ದರಿಂದ ಕೆಲಸವೆಲ್ಲ ಹಿಂದಿನ ರಾತ್ರಿಯೇ ಆಗಬೇಕು. ಕುಚ್ಚಲಕ್ಕಿ ತೊಳೆದು ನೆನೆಸಿ, ಮಲಗುವ ಮುಂಚೆ ಕುಕ್ಕರಲ್ಲಿ ಬೇಯಿಸಿಟ್ಟುಬಿಡಿ. ಸಹರಿಗೆ (ನೋಂಬಿನ ಮುಂಚೆ ಬೆಳಗಿನ ಜಾವದ ಊಟಕ್ಕೆ) ಎರಡು ಸೌಟು ಗಂಜಿ, ತೆಂಗಿನಕಾಯಿ ಚಟ್ನಿ, ಒಂದು ಮೊಟ್ಟೆ, ಬಾಳೆಹಣ್ಣು. ಉಪ್ಪಿನಕಾಯಿಯ ಭರಣಿ ತೆಗೆಯಬೇಡಿ, ಹನ್ನೊಂದಕ್ಕೇ ಗಂಟಲು ಒಣಗುತ್ತದೆ. ಚಹಾ ಅರ್ಧ ಲೋಟ ಸಾಕು. ಜೂನ್ ಮೊದಲ ವಾರ ಇಲ್ಲಿ ಸಹರಿ ನಾಲ್ಕೂವರೆ ಸುಮಾರಿಗೆ ಮುಗಿದರೆ ಮಗ್ರಿಬ್ (ನೋಂಬು ಬಿಡುವ ಸಂಜೆಯ ಹೊತ್ತು) ಆಗುವುದು ಏಳೂಕಾಲಿಗೆ. ಹದಿನಾಲ್ಕೂವರೆ ಗಂಟೆ, ಅದೂ ಬೊಂಬಾಯಿಯ ಬೆವರಿನಲ್ಲಿ. 2026ರಲ್ಲಿ ಅರಫಾ ಮೇ ಕೊನೆಗೆ ಬರುತ್ತದೆ, ಇನ್ನೂ ಸೆಖೆ.

ಎಚ್ಚರ ಆಗದಿದ್ದರೆ? ರಮಝಾನಿನ ಫರ್ಳಿಗೆ, ಅಂದರೆ ಕಡ್ಡಾಯ ನೋಂಬಿಗೆ, ರಾತ್ರಿಯೇ ನಿಯ್ಯತ್ ಬೇಕು. ನಫಿಲಿಗೆ ಹಾಗಿಲ್ಲ. ಫಜ್ರ್ (ನಸುಕಿನ ನಮಾಝಿನ ಹೊತ್ತು) ನಂತರ ಬಾಯಿಗೆ ಏನೂ ಹಾಕಿಲ್ಲದಿದ್ದರೆ ಸೂರ್ಯ ನೆತ್ತಿ ದಾಟುವ ಮೊದಲು ನಿಯ್ಯತ್ ಮಾಡಬಹುದು. ಮನೆಯಲ್ಲಿ ತಿನ್ನಲು ಏನಾದರೂ ಉಂಟಾ ಎಂದು ಪ್ರವಾದಿಯವರು ಕೇಳಿ, ಇಲ್ಲ ಎಂದಾಗ ಹಾಗಾದರೆ ನನಗೆ ನೋಂಬು ಎಂದದ್ದುಂಟು. ಪಕ್ಕದ ಮನೆಯ ಕಲಬುರಗಿಯವಳು ಹನಫಿ ಪಂಥದವಳು. ಅವಳ ಲೆಕ್ಕದಲ್ಲಿ ಫಜ್ರ್‌ನಿಂದ ಮಗ್ರಿಬ್ ತನಕದ ಹೊತ್ತಿನ ಅರ್ಧ ಆಗುವುದರೊಳಗೆ, ಅಂದರೆ ನನಗಿಂತ ಅರ್ಧ ಮುಕ್ಕಾಲು ಗಂಟೆ ಮೊದಲೇ ಮಾಡಬೇಕು. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಹಿಡಿದ ನಫಿಲನ್ನು ಅರ್ಧದಲ್ಲಿ ಬಿಟ್ಟರೆ ನನಗೆ ಏನೂ ಬಾಕಿ ಇಲ್ಲ, ಅವಳು ಒಂದು ದಿನ ಕಝಾ (ಬಿಟ್ಟದ್ದಕ್ಕೆ ಬದಲಿ ನೋಂಬು) ತೀರಿಸಬೇಕು. ಹಾಗಾಗಿ ಅವಳು ಹಿಡಿಯುವ ಮುಂಚೆ ಎರಡು ಸಲ ಯೋಚಿಸುತ್ತಾಳೆ, ನಾನು ಬಿಡುವ ಮುಂಚೆ.

ಹೆಂಗಸರಿಗೆ ಬೇರೆ ಲೆಕ್ಕವೂ ಉಂಟು. ರಮಝಾನಿನಲ್ಲಿ ಮುಟ್ಟಿನಿಂದ ಹೋದ ಆರೇಳು ದಿನ ಕಝಾ ಇರುತ್ತದೆ. ಶವ್ವಾಲಿನ ಆರು ಹಿಡಿಯುವ ಉತ್ಸಾಹದಲ್ಲಿ ಅದು ಮುಂದಿನ ರಮಝಾನ್ ತನಕ ಎಳೆದು, ಕೊನೆಗೆ ಶಅಬಾನಿನಲ್ಲಿ ಒದ್ದಾಡುವವರನ್ನು ನೋಡಿದ್ದೇನೆ, ಅವರಲ್ಲಿ ನಾನೂ ಒಬ್ಬಳು. ಈಗ ಈದಿನ ಮರುದಿನದಿಂದಲೇ ಕಝಾ ಶುರು. ಗಂಡ ಮನೆಯಲ್ಲಿದ್ದರೆ ನಫಿಲಿಗೆ ಅವರ ಒಪ್ಪಿಗೆ ಬೇಕು. ನಮ್ಮವರು ರಾತ್ರಿ ಪಾಳಿಯವರು, "ನನ್ನ ಚಹಾ ಮಾಡಿಟ್ಟು ಏನು ಬೇಕಾದರೂ ಹಿಡಿ" ಎನ್ನುತ್ತಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಸಾಹಸ ಮಾಡಬೇಡಿ. ಇದು ಕಡ್ಡಾಯವಲ್ಲ.

ನನ್ನ ಕೆಲಸ ಅಡುಗೆ. ಸಾಕಿನಾಕಾದ ಹದಿನಾಲ್ಕು ಹುಡುಗರಿಗೆ ಡಬ್ಬಾ, ಎಲ್ಲರೂ ನಮ್ಮ ಕಡೆಯವರು, ಉಪ್ಪು ಹೆಚ್ಚಾದರೆ ಸಂಜೆಯೊಳಗೆ ಹದಿನಾಲ್ಕು ಮೆಸೇಜು. ನೋಂಬಿನಲ್ಲಿ ರುಚಿ ನೋಡುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಸಾರನ್ನು ಚಮಚದ ತುದಿಯಲ್ಲಿ ತೆಗೆದು ಆರಿಸಿ, ನಾಲಿಗೆಯ ತುದಿಗೆ ಮುಟ್ಟಿಸಿ, ಕೂಡಲೇ ಉಗಿದು ಬಾಯಿ ಮುಕ್ಕಳಿಸುತ್ತೇನೆ. ಅಗತ್ಯ ಇದ್ದರೆ ಇಷ್ಟಕ್ಕೆ ಅಡ್ಡಿಯಿಲ್ಲ, ಗಂಟಲಿಗೆ ಇಳಿಯಬಾರದು ಅಷ್ಟೆ. ಅಭ್ಯಾಸ ಆದ ಮೇಲೆ ಕಣ್ಣೇ ಸಾಕಾಗುತ್ತದೆ: ಉಪ್ಪು ಹಾಕುವ ಚಿಪ್ಪು ಯಾವಾಗಲೂ ಒಂದೇ ಇರಲಿ, ಪಾತ್ರೆಯೂ ಒಂದೇ ಇರಲಿ. ಅರಫಾದ ಹಿಂದಿನ ದಿನ ಮೀನು ಗಸಿ ಇಡಬೇಡಿ. ಮರುದಿನ ಬಿಸಿ ಮಾಡುವಾಗ ಬರುವ ಪರಿಮಳ ತಡೆಯಲು ನನ್ನಿಂದ ಇನ್ನೂ ಆಗಿಲ್ಲ.

ಯಾರಿಗೂ ಹೇಳದೆ ಹಿಡಿಯುವುದು ಒಳ್ಳೆಯದು, ಆದರೆ ಅದಕ್ಕಾಗಿ ಸುಳ್ಳು ಹೇಳಬೇಡಿ. "ಬೇಡಪ್ಪ, ಈಗ ಬೇಡ" ಸಾಕು. ಆಶೂರಾದಲ್ಲಿ ಇದು ಕಷ್ಟ. 2025ರ ಜುಲೈ 5 ಮತ್ತು 6, ಶನಿವಾರ ಭಾನುವಾರ, ಒಂಬತ್ತು ಹತ್ತು ಎರಡೂ ಹಿಡಿದಿದ್ದೆ. ಕೊತ್ತಂಬರಿ ತರಲು ಹೊರಟರೆ ಗಲ್ಲಿಯ ಮೂಲೆಯಲ್ಲಿ ಹುಡುಗರು ಸಬೀಲ್ (ದಾರಿಹೋಕರಿಗೆ ಪುಕ್ಕಟೆ ಪಾನೀಯದ ಅಂಗಡಿ) ಹಾಕಿ ಶರಬತ್ತು ಹಂಚುತ್ತಿದ್ದರು. ಒಬ್ಬ ಏಳೆಂಟು ವರ್ಷದವನು ಓಡಿ ಬಂದು ಗುಲಾಬಿ ಬಣ್ಣದ ಲೋಟ ಕೈಗೇ ಹಿಡಿಸಿದ. ಐಸಿನ ತುಂಡು ಲೋಟಕ್ಕೆ ಟಣ್ ಅಂತ ತಾಗುತ್ತಿತ್ತು. ಬೇಡ ಎಂದರೆ ಮುಖ ಬಾಡಿಸುತ್ತಾನೆ. ತೆಗೆದುಕೊಂಡೆ, ಸೆರಗಿನ ಮರೆಯಲ್ಲಿ ಮನೆಗೆ ತಂದು, ತಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿ ಮಾಂಸದ ಡಬ್ಬಿಯ ಪಕ್ಕ ಇಟ್ಟೆ. ಸಂಜೆ ಕಲಬುರಗಿಯವಳು ಖಿಚಡಾ ಕೊಟ್ಟು ಹೋದಳು. ಬಾಂಗ್ ಕೇಳಿದಾಗ ಒಂದು ಖರ್ಜೂರ, ಆಮೇಲೆ ಆ ಶರಬತ್ತು. ಐಸ್ ಕರಗಿ ಸಪ್ಪೆಯಾಗಿತ್ತು, ಒಂದು ತೊಟ್ಟೂ ಬಿಡದೆ ಕುಡಿದೆ.